ಗಳ ಹಿಡಿದವರ ಎತ್ತರ

೨೪ ನವೆಂಬರ್ ೨೦೧೪, ಸೋಮವಾರ

ದೋಣಿಯಲ್ಲಿ ನನಗೆ ಸಿಕ್ಕಿರುವ ಜಾಗ ಮೂರು ಮೊಳ ಅಗಲ. ಅದರಲ್ಲಿ ಅರ್ಧ ನನ್ನ ಜೊತೆ ಕೆಲಸಕ್ಕೆ ಬಂದ ಭಾಗ್ಯಜ್ಯೋತಿಯದು.

ಜುರಾಲ ಅಣೆಕಟ್ಟಿನ ಹಿನ್ನೀರಿನಲ್ಲಿ ಇನ್ನೊಂದು ತಿಂಗಳು ಇದೇ ಮನೆ. ಮೊದಲು ಹತ್ತಿ ಮೂಟೆ ಸಾಗಿಸುತ್ತಿದ್ದ ದೋಣಿಯಂತೆ. ಮೇಲೆ ತಗಡು, ಹಿಂದೆ ಡೀಸೆಲ್ ಇಂಜಿನ್, ಮುಂದೆ ನಿಲ್ಲಲು ಒಂದು ಅಗಲ ಹಲಗೆ, ನಡುವೆ ಹಳೆಯ ಸೀರೆಯ ಪರದೆ ಕಟ್ಟಿದ ಕೋಣೆ. ಒಲೆ ಎರಡು. ಒಂದು ಜಯಾಬಾಯಿ ಮೇಡಂ ಅವರ ಮಡಿ ಅಡುಗೆಗೆ, ಇನ್ನೊಂದು ದೋಣಿಯ ಗಂಡ ಹೆಂಡತಿ ಅಂಜಯ್ಯ ಮತ್ತು ಸತ್ಯಮ್ಮನಿಗೆ. ಅವರ ಮೀನಿನ ವಾಸನೆ ಇತ್ತ ಬಾರದಂತೆ ದೋಣಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸುತ್ತಾರೆ. ಆದರೂ ಬರುತ್ತದೆ.

ಕೆಲಸ ಇಷ್ಟು: ಎರಡೂ ದಂಡೆಗಳಲ್ಲಿ ದೋಣಿ ನಿಲ್ಲುವ ಪ್ರತಿ ರೇವಿನ ಹೆಸರು, ಅದನ್ನು ಯಾರು ಬಳಸುತ್ತಾರೆ, ಅಲ್ಲಿ ನೀರೆಷ್ಟು ಆಳ ಎಂಬುದನ್ನು ಬರೆದುಕೊಳ್ಳುವುದು. ಹೊಸ ರಾಜ್ಯ ಬಂದು ಆರು ತಿಂಗಳು. ಹೈದರಾಬಾದಿನ ಒಂದು ಸಂಸ್ಥೆ ಈ ರಾಜ್ಯದ ನದಿಗಳ ಮೇಲೆ ಪುಸ್ತಕ ಮಾಡಿಸುತ್ತಿದೆ. ಈ ಕಡೆಯ ಜನ ಕನ್ನಡ ಶುರುಮಾಡಿ ತೆಲುಗಿನಲ್ಲಿ ಮುಗಿಸುವವರಾದ್ದರಿಂದ ಎರಡೂ ಬಲ್ಲವರು ಬೇಕಂತೆ. ಮೇಡಂ ಗದ್ವಾಲದಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ದೋಣಿ ಬಿಡುವ ಮೊದಲೇ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡರು.

“ಹೈದರಾಬಾದಿನಾಗ ಒಂದೇ ಕುರ್ಚಿ ಅದ, ಹುಡುಗ್ಯಾರು ಇಬ್ರು. ಕಡೀಗೆ ಒಬ್ಬರ ಹೆಸರು ಬರೆದು ಕಳಿಸ್ತೀನಿ. ಈಗ್ಲೇ ಹೇಳೀನಿ, ಆಮ್ಯಾಲೆ ಅಳೋದು ಬ್ಯಾಡ.”

ಸಂಸ್ಥೆಯ ಆ ಕುರ್ಚಿ, ಆ ನೌಕರಿ, ನನಗೆ ಬೇಕು. ನಾನು ನಾರಾಯಣಪೇಟೆಯವಳು, ಆದರೆ ಕನ್ನಡ ಎಂ.ಎ. ಓದಿದ್ದು ರಾಯಚೂರಿನಲ್ಲಿ. ಹೊಸ ರಾಜ್ಯದ ಅರ್ಜಿಗಳಲ್ಲಿ ಈಗ ನಾನು ಹೊರಗೆ ಓದಿದವಳು, ನಾನ್‌ಲೋಕಲ್. ರಾಯಚೂರಿನ ಕಡೆಯ ಅರ್ಜಿಗಳಲ್ಲಿ ಊರಿನ ಹೆಸರು ನೋಡಿ ಪಕ್ಕಕ್ಕಿಡುತ್ತಾರೆ. ಎಲ್ಲಿ ಓದಿದೆ ಎಂದು ಕೇಳದೆ ಕರೆದದ್ದು ಈ ಸಂಸ್ಥೆಯೊಂದೇ. ಭಾಗ್ಯಜ್ಯೋತಿ ಇಟಿಕ್ಯಾಲದವಳು, ಗದ್ವಾಲದಲ್ಲೇ ಓದಿದವಳು. ಅವಳು ಯಾವ ಅರ್ಜಿಯನ್ನಾದರೂ ಹಾಕಬಹುದು. ಆದರೂ ಇಲ್ಲಿಗೇ ಬಂದಿದ್ದಾಳೆ.

ದೋಣಿ ಹತ್ತಿ ಅರ್ಧ ಗಂಟೆಯಾಗಿರಲಿಲ್ಲ, ಸತ್ಯಮ್ಮನಿಗೆ ಎಷ್ಟು ಮಕ್ಕಳು, ಯಾರು ಯಾವ ಊರಿಗೆ ಹೋದರು ಎಲ್ಲ ಅವಳಿಗೆ ಗೊತ್ತಾಗಿತ್ತು. ನಾನು ಅಷ್ಟು ಹೊತ್ತೂ ಹಗ್ಗದ ಗಂಟುಗಳನ್ನು ಎಣಿಸುತ್ತಿದ್ದೆ.

೨೬ ನವೆಂಬರ್, ಬುಧವಾರ

ಮೇಡಂ ತಂದಿದ್ದ ಅಳತೆಯ ಹಗ್ಗ ನಿನ್ನೆಯೇ ಕೆಟ್ಟಿತು. ತುದಿಯ ಸೀಸದ ಗುಂಡು ಮುಳುಗಿದ ಜಾಲಿಗಿಡಕ್ಕೆ ಸಿಕ್ಕಿಬಿತ್ತು. ಎಳೆದರೆ ಹಗ್ಗ ಮಾತ್ರ ಮೇಲೆ ಬಂತು.

ಅಂಜಯ್ಯ ನಕ್ಕ. “ಗಳ ಐತಲ್ರಿ ಅಮ್ಮಾ. ನಮ್ಮ ತಾತ ಏನು ಹಗ್ಗ ಕೊರಳಾಗ ಹಾಕ್ಕೊಂಡು ಅಡ್ಡಾಡಿದ್ನೇನು?”

ಗಳ ಎಂದರೆ ದೋಣಿ ತಳ್ಳುವ ಉದ್ದ ಬಿದಿರು. ಅದನ್ನು ನೀರಿಗಿಳಿಸಿ, ಒದ್ದೆಯಾದಷ್ಟನ್ನು ಆಳಿನ ಲೆಕ್ಕದಲ್ಲಿ ಕೂಗುತ್ತಾರೆ. ನೆಟ್ಟಗೆ ನಿಂತು ಕೈ ಮೇಲೆತ್ತಿದರೆ ಬೆರಳ ತುದಿಯವರೆಗೆ ಒಂದಾಳು. ನಾನು ಟೇಪು ಹಿಡಿದು ಅಂಜಯ್ಯನನ್ನು ಅಳೆದೆ: ಏಳು ಅಡಿ ಒಂಬತ್ತು ಇಂಚು. ದೊಡ್ಡ ಮನುಷ್ಯ. ಅರ್ಧ ಆಳಿನಿಂದ ಮೂರು ಆಳಿನವರೆಗೆ ಅಡಿ, ಮೀಟರು ಹಾಕಿ ಪಟ್ಟಿ ಮಾಡಿದೆ. ಮೇಡಂ ಕನ್ನಡಕ ಏರಿಸಿ ನೋಡಿ “ಚಲೋ ಮಾಡೀ” ಎಂದರು. ಆ ಎರಡು ಶಬ್ದ ಇಡೀ ದಿನ ನನ್ನ ಜೊತೆ ಇದ್ದವು.

ಆಳದ ಪುಸ್ತಕ ನನ್ನದು. ಪರದೆಯ ಹಿಂದೆ ಕೂತು ಬರೆಯುತ್ತೇನೆ. ಪ್ರತಿ ರೇವಿನಲ್ಲೂ ಜನ ಸೇರಿ ನಮ್ಮನ್ನೇ ನೋಡುತ್ತಾರೆ, ಅವರೆದುರು ನಿಂತು ಬರೆಯಲು ಕೈ ಓಡುವುದಿಲ್ಲ. ಒಳಗೆ ಕೂತರೂ ಅಂಜಯ್ಯನ ಕೂಗು ಡೋಲು ಬಡಿದಂತೆ ಕೇಳುತ್ತದೆ: “ಒಂದಾಳು, ಎರಡು ಮೊಳ!” ಬರೆದುಕೊಂಡರಾಯಿತು.

ದಂಡೆಯ ಮಾತು ಭಾಗ್ಯಜ್ಯೋತಿಯದು. ದೋಣಿ ತಾಗುವ ಮೊದಲೇ ಅವಳು ಹಾರುತ್ತಾಳೆ. ಅತ್ತೆ, ಮಾವ, ಅಕ್ಕ, ತಾತ ಎಂದು ಕಂಡವರನ್ನೆಲ್ಲ ಕರೆಯುತ್ತಾಳೆ. ಇಂದು ಯಾರೋ ಹೆಂಗಸು ಅವಳ ಓಢಣಿಯ ತುಂಬ ಹಸಿ ಶೇಂಗಾ ಕೊಟ್ಟಿದ್ದಳು. ತಂದು ಅರ್ಧ ನನ್ನ ಮಡಿಲಿಗೆ ಸುರಿದಳು. ತಿಂದೆ. ಸಿಹಿಯಾಗಿದ್ದವು, ಅದಕ್ಕೂ ಸಿಟ್ಟು ಬಂತು.

೨೯ ನವೆಂಬರ್, ಶನಿವಾರ

ಇಂದು ಅವಳು ಮೇಡಂ ಅವರನ್ನು “ಜಯಕ್ಕಾ” ಎಂದು ಕರೆದಳು. ಮೂವತ್ತು ವರ್ಷ ಕಾಲೇಜಿನಲ್ಲಿ ಹುಡುಗರನ್ನು ನಡುಗಿಸಿದವರು “ಏನವಾ” ಎಂದರು.

ಸತ್ಯಮ್ಮ ಅವಳನ್ನು ಕರೆಯುವುದು “ಬಿಡ್ಡಾ”, ಮಗಳೇ ಎಂದು. ನನ್ನನ್ನು “ಸಣ್ಣ ಮೇಡಮ್ಮ”.

೧ ಡಿಸೆಂಬರ್, ಸೋಮವಾರ

ಸಂಜೆ ದೋಣಿ ಕಟ್ಟಿದ ಮೇಲೆ ಅಂದಂದಿನ ಬರಹ ಓದುವುದು ಪದ್ಧತಿಯಾಗಿದೆ. ನನ್ನದು ಓದುವುದೇನಿದೆ? ಎರಡಾಳು, ಒಂದೂವರೆ ಆಳು. ಅವಳು ಇಂದು ‘ಸೊಸಿ ರೇವು’ ಎಂಬ ಜಾಗದ ಬಗ್ಗೆ ಓದಿದಳು. ಆ ಕಡೆಯ ದಂಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರು ನೀರಿಗೆ ಬಂದು ಅಲ್ಲಿ ನಿಲ್ಲುತ್ತಿದ್ದರಂತೆ. ಎದುರು ದಂಡೆಯಲ್ಲಿ ತವರಿನ ಒಲೆಯ ಹೊಗೆ ಕಾಣುತ್ತಿತ್ತಂತೆ. ಹೊಗೆ ಎದ್ದಿದ್ದರೆ ಎಲ್ಲರೂ ಚೆನ್ನಾಗಿದ್ದಾರೆ ಎಂದು ತಿಳಿದು ಕೊಡ ತುಂಬಿಕೊಂಡು ಹೋಗುತ್ತಿದ್ದರಂತೆ.

ಮೇಡಂ ಎದುರು ದಂಡೆಯ ಕಡೆ ತಿರುಗಿ ನೋಡಿದರು. ಆಮೇಲೆ, “ಇನ್ನೊಮ್ಮೆ ಓದು” ಎಂದರು.

ಅವಳು ಓದಿದ್ದು ಬಿ.ಕಾಂ.! ಎರಡು ವರ್ಷ ಕಾವ್ಯ ಓದಿದವಳು ನಾನು. ಅಂಥ ಮಾತು ಕೇಳಿ ಎದೆ ಜುಮ್ಮೆನ್ನಬೇಕಾದವಳು ನಾನು. ಅದು ಹೋಗಿ ಅವಳ ಓಢಣಿಗೇ ಏಕೆ ಬೀಳಬೇಕು, ಶೇಂಗಾದ ಹಾಗೆ?

“ಅಕ್ಷರ ತಪ್ಪಾಗಿವೆ” ಎಂದೆ. ಇಡೀ ಸಂಜೆ ನಾನು ಆಡಿದ ಮಾತು ಅದೊಂದೇ.

“ಹೌದ್ರಿ ಅಕ್ಕಾ, ನನಗ ತೆಲುಗು ಕೈ ಜಾಸ್ತಿ. ತಿದ್ದಿಕೊಡ್ರಿ” ಎಂದು ಪೆನ್ನು ಚಾಚಿದಳು. ನನಗಿಂತ ಎರಡು ತಿಂಗಳು ದೊಡ್ಡವಳು, ಅಕ್ಕ ಎನ್ನುತ್ತಾಳೆ.

೨ ಡಿಸೆಂಬರ್

ಅವಳಿಗೆ ಕೆಮ್ಮು. ನನಗೆ ಬೇಸರವಾಗಲಿಲ್ಲ.

೪ ಡಿಸೆಂಬರ್, ಗುರುವಾರ

ಬೆಳಿಗ್ಗೆ ಇಂಜಿನ್ನಿನ ಹಿಡಿಕೆ ಹಿಂದಕ್ಕೆ ಹೊಡೆದು ಅಂಜಯ್ಯನ ಬಲಭುಜ ಬಾತಿದೆ. ಸತ್ಯಮ್ಮ ಅರಿಸಿನ, ಸುಣ್ಣ ಕಲಸಿ ಹಚ್ಚಿದಳು. ಎಡಗೈಯಲ್ಲೇ ಚುಕ್ಕಾಣಿ ಹಿಡಿದಿದ್ದಾನೆ.

ಮೇಡಂ ಇದ್ದಕ್ಕಿದ್ದಂತೆ, “ಉಮಾ, ಪರದೆ ಹಿಂದ ಎಷ್ಟು ದಿನ ಕೂಡ್ತೀ? ನೀನೇನು ನವಾಬರ ಮನಿಯಾಕೀನ? ಇವತ್ತಿಂದ ದಂಡಿಗೆ ನೀ ಇಳಿ. ಆಳ ಭಾಗ್ಯ ಬರೀಲಿ” ಎಂದರು.

ನನ್ನ ಪಟ್ಟಿಯನ್ನೂ ಪುಸ್ತಕವನ್ನೂ ಅವಳಿಗೆ ಕೊಟ್ಟೆ. ಹೊಸ ಪುಸ್ತಕ ತೆಗೆದುಕೊಂಡಳು, ಹಳೆಯದನ್ನು ಸುಮ್ಮನೆ ತಿರುವಿ ನೋಡಿದಳು.

ಪಸ್ಪುಲದ ಹತ್ತಿರ ಇಳಿದೆ. ಬಟ್ಟೆ ಒಗೆಯುತ್ತಿದ್ದ ಐದಾರು ಹೆಂಗಸರು. ಕೇಳಬೇಕಾದ ಪ್ರಶ್ನೆಗಳನ್ನು ಅಂಗೈಯಲ್ಲಿ ಬರೆದುಕೊಂಡಿದ್ದೆ. ಬೆವರಿಗೆ ಅಳಿಸಿಹೋಯಿತು.

“ಯಾವೂರವಾ ನಿಂದು?”

“ನಾರಾಯಣಪೇಟೆ.”

“ಸೀರಿ ಮಾರಾಕ ಬಂದೀ?”

“ಇಲ್ಲರಿ.”

“ಮತ್ತ ಯಾಕ ಬಂದೀ?”

ಅಂಗೈ ನೋಡಿಕೊಂಡೆ. ಅಷ್ಟರಲ್ಲಿ ಒಬ್ಬಳು ಸೆರಗು ಹಿಂಡುತ್ತ ಕೇಳಿದಳು, “ಮೊನ್ನಿ ಆಚೀ ರೇವಿನಾಗ ನಕ್ಕೋಂತ ಬಂದಿತ್ತಂತಲ್ಲ, ಆ ಹುಡುಗಿ ಎಲ್ಲೈತಿ? ಆಕೀನ ಕಳಿಸು.”

ತಿರುಗಿ ದೋಣಿಯ ಕಡೆ ನೋಡಿದೆ. ಮುಂದಿನ ಹಲಗೆಯ ಮೇಲೆ ಸತ್ಯಮ್ಮ ಗಳ ಹಿಡಿದಿದ್ದಳು. ಗಂಡನ ಭುಜ ಕೆಟ್ಟಿದೆಯಲ್ಲ, ಅದಕ್ಕೆ. ಅವಳು ಮೆಲ್ಲಗೆ ಹೇಳಿದ್ದನ್ನು ಹಿಂದಿನಿಂದ ಅವನು ಕೂಗುತ್ತಿದ್ದ. ಭಾಗ್ಯಜ್ಯೋತಿ ಅವಳ ಪಕ್ಕದಲ್ಲೇ ಬಿಸಿಲಿನಲ್ಲಿ ನಿಂತು ಬರೆಯುತ್ತಿದ್ದಳು. ಇಡೀ ರೇವಿನ ಜನ ಅವಳನ್ನೇ ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇಲ್ಲ.

೫ ಡಿಸೆಂಬರ್, ಶುಕ್ರವಾರ

ಒಂದು ವಿಷಯ ಹೊಳೆದಿದೆ.

ಸತ್ಯಮ್ಮ ಕುಳ್ಳಿ. ನನ್ನ ಕಿವಿಗೆ ಬರುತ್ತಾಳೆ. ಮಧ್ಯಾಹ್ನ ಅವಳು ಗಳ ಒರಗಿಸಿ ಕೂತಿದ್ದಾಗ ಮೆಲ್ಲಗೆ ಕೇಳಿದೆ, “ಒಂದಾಳು ಅಂತೀಯಲ್ಲ ಸತ್ಯಮ್ಮಾ, ಯಾರ ಆಳು ಅದು? ಅಂಜಯ್ಯಂದಾ?”

ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. “ಅವನ್ದ್ಯಾಕ? ಗಳ ಹಿಡಿದವರ ಆಳು. ನೀರಾಗ ಬಿದ್ರ ಮುಣುಗಾಕಿ ನಾನು. ಅವನ ಎತ್ತರ ತಗೊಂಡು ನಾ ಏನ್ ಮಾಡ್ಲಿ?”

ಅಂದರೆ ಅವಳ ಎರಡಾಳು ಹನ್ನೆರಡು ಅಡಿ ಚಿಲ್ಲರೆ. ನನ್ನ ಪಟ್ಟಿಯಲ್ಲಿ ಎರಡಾಳಿಗೆ ಹದಿನೈದೂವರೆ ಅಡಿ. ಭಾಗ್ಯಜ್ಯೋತಿ ನನ್ನ ಪಟ್ಟಿ ನೋಡಿಯೇ ಬರೆಯುತ್ತಿದ್ದಾಳೆ. ನಿನ್ನೆಯಿಂದ ಅವಳ ಪುಸ್ತಕದ ಪ್ರತಿ ರೇವಿಗೂ ಇಲ್ಲದ ನೀರು ಸೇರಿಕೊಂಡಿದೆ.

ಹೇಳಲೆಂದು ಎದ್ದೆ. ಆಗ ಅವಳು ಮೇಡಂ ಪಕ್ಕ ಕೂತು ಅಕ್ಕಿ ಆರಿಸುತ್ತ ಏನೋ ಹೇಳಿದಳು. ಮೇಡಂ ನಕ್ಕು ನಕ್ಕು ಮೊರವನ್ನೇ ಕೆಳಗಿಟ್ಟರು. ನಾನು ಕೂತುಬಿಟ್ಟೆ.

ಅವಳು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

೮ ಡಿಸೆಂಬರ್, ಸೋಮವಾರ

ಇನ್ನೂ ಹೇಳಿಲ್ಲ. ಸಾವಿರ ಕಾರಣ ಇಟ್ಟುಕೊಂಡಿದ್ದೇನೆ: ಅಷ್ಟು ಚುರುಕಾದವಳಿಗೆ ತಾನೇ ಗೊತ್ತಾಗಬೇಡವೇ? ಪ್ರಶ್ನೆ ಕೇಳುವುದರಲ್ಲಿ ಅವಳೇ ಪಂಡಿತೆಯಲ್ಲವೇ?

ಇಂದು ಪಂಚದೇವಪಾಡಿನ ಹತ್ತಿರ ಕರಿಬಸಯ್ಯ ಎಂಬವರು ದೋಣಿಗೆ ಬಂದರು. ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ನದಿಯ ನಡುವಿನ ಕ್ಷೇತ್ರ ಕುರುವಪುರಕ್ಕೆ ಹೋಗುವ ಜನರಿಗಾಗಿ ದೊಡ್ಡ ಕಬ್ಬಿಣದ ದೋಣಿ ತರಿಸುತ್ತಾರಂತೆ. ಯಾವ ರೇವಿಗೆ ಹಚ್ಚಬಹುದು ಎಂದು ಮೇಡಂ ಅವರನ್ನು ಕೇಳಿದರು.

“ಪುಸ್ತಕ ಬರ್ತದ, ನೋಡಿ ಹಚ್ಚರಿ. ಈ ಹುಡುಗ್ಯಾರು ಒಂದೊಂದು ರೇವೂ ಅಳದಾರ.”

“ಆತ್ರಿ. ನಿಮ್ಮ ಪುಸ್ತಕದ ಮ್ಯಾಲೇ ನಲವತ್ತು ಮಂದೀನ ಕೂಡಿಸ್ಕೊಂಡು ಬರ್ತೀನಿ. ಬುಡಕ್ಕ ಬಂಡಿಗಲ್ಲು ಬಡೀತಂದ್ರ ನಿಮ್ಮ ಹೆಸರು ಹೇಳಿ ಕೂಗ್ತೀನಿ ನೋಡ್ರಿ ಮತ್ತ” ಎಂದು ನಗುತ್ತ ಹೋದರು.

ರಾತ್ರಿ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದೆ. ಹಸಿವಿಲ್ಲ ಎಂದೆ. ಭಾಗ್ಯಜ್ಯೋತಿ ಅದನ್ನು ನಂಬಿ, ನನ್ನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, “ಆಮ್ಯಾಲೆ ಹಸಿವಾದ್ರ ಎಬ್ಬಸ್ರಿ” ಎಂದು ತನ್ನ ತಲೆಯ ಹತ್ತಿರ ಇಟ್ಟುಕೊಂಡಳು. ಯಾರಾದರೂ ಇಷ್ಟು ಒಳ್ಳೆಯವರಾಗಿ ನಟಿಸಲು ಸಾಧ್ಯವೇ?

೧೧ ಡಿಸೆಂಬರ್, ಗುರುವಾರ

ಇಂದಿನ ರೇವಿನಲ್ಲಿ ಜನವೇ ಇರಲಿಲ್ಲ. ಬೇವಿನ ಗಿಡದ ಕೆಳಗೆ ಬಾಲಯ್ಯ ಎಂಬ ಮುದುಕ ಒಬ್ಬನೇ ಬಲೆ ಹೊಲಿಯುತ್ತಿದ್ದ. ನಾನು ಏನೂ ಕೇಳಲಿಲ್ಲ. ಅವನೂ ಕೇಳಲಿಲ್ಲ. ಅರ್ಧ ಗಂಟೆ ಹಾಗೆಯೇ ಕೂತೆವು. ಆಮೇಲೆ ಅವನೇ ಸೂಜಿಯಿಂದ ನೀರಿನ ಕಡೆ ತೋರಿಸಿದ.

“ಆ ಬಾತುಕೋಳಿ ಕುಂತದಲ್ಲ, ಅದು ಗೌಡರ ಕಟ್ಟಿ. ಅದರ ಎಡಕ್ಕ ನಮ್ಮ ಮನಿ. ಅಲ್ಲಿಂದ ಹತ್ತು ಹೆಜ್ಜಿ ಬಾವಿ. ಮುಳುಗಡಿ ನೀರು ಬಂದ ದಿನ ಮದ್ಲು ತುಂಬಿದ್ದು ಬಾವಿ ನೋಡವಾ. ಬ್ಯಾಸಿಗ್ಯಾಗ ಒಂದು ಕೊಡಕ್ಕ ನಮ್ಮನ್ನ ಅಳಸ್ತಿತ್ತು, ಅವತ್ತು ತುಂಬಿ ಮ್ಯಾಲೆ ಬಂತು. ನಮ್ಮವ್ವ ಅದಕ್ಕ ಬೈದ್ಲು.”

“ಬಾವಿಗಾ?”

“ಬಾವಿಗೇ. ‘ಈಗ ಬಂದೇನು, ಹಾಳಾದದ್ದೇ’ ಅಂದ್ಲು.”

ಓಣಿ ಓಣಿಯಾಗಿ ಹೇಳುತ್ತ ಹೋದ. ಒಂಬತ್ತು ಪುಟ ಬರೆದೆ. ಅಂಗೈ ನೋಡಿಕೊಳ್ಳಲಿಲ್ಲ.

ಸಂಜೆ ನಾನು ಓದುವಾಗ ಭಾಗ್ಯಜ್ಯೋತಿ ಕಣ್ಣೊರೆಸಿಕೊಂಡಳು. ಪುಟದ ಅಂಚಿನಿಂದ ನೋಡಿದೆ. ಸೊಸಿ ರೇವಿಗಿಂತ ಇದು ಮೇಲಾಯಿತು ಎಂದುಕೊಂಡೆ.

೧೩ ಡಿಸೆಂಬರ್, ಶನಿವಾರ

ನನ್ನ ಹೆಸರು!

ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುತ್ತಲೇ ಮೇಡಂ ಹೇಳಿಬಿಟ್ಟರು. “ಇನ್ನ ಯಾಕ ಕಾಯೋದು? ಉಮಾಶ್ರೀ ಹೆಸರು ಕಳಸ್ತೀನಿ. ಆಕಿ ಆಳದ ಪುಸ್ತಕ ನೋಡಿದ್ರ ಅಚ್ಚು ಹಾಕಿಧಂಗ ಅದ. ಮತ್ತ ಮೊನ್ನೆ ಆ ಒಂಬತ್ತು ಪುಟ. ಭಾಗ್ಯಾ, ನಿನ್ನ ಪುಸ್ತಕ ಕೋಳಿ ಕೆದರಿಧಂಗ ಅದವಾ. ಹೊಡದು, ತಿದ್ದಿ, ಮತ್ತ ಹೊಡದು. ನಾಳಿಂದ ಎರಡೂ ಪುಸ್ತಕ ಉಮಾನೇ ನಕಲು ಮಾಡ್ಲಿ.”

“ಆತು ಜಯಕ್ಕಾ” ಎಂದಳು. ತಟ್ಟೆ ತೊಳೆಯಲು ಹಿಂದಕ್ಕೆ ಹೋದಳು.

ಆಮೇಲೆ ಇಡೀ ದಿನ ಅವಳ ನಗು ಕೇಳಲಿಲ್ಲ. ಅದು ನಿಲ್ಲಲಿ ಎಂದು ಇಪ್ಪತ್ತು ದಿನ ಕಾದಿದ್ದೆ. ನಿಂತ ಮೇಲೆ ದೋಣಿಯಲ್ಲಿ ಇಂಜಿನ್ನಿನ ಸದ್ದೊಂದೇ ಉಳಿಯಿತು. ಅಪ್ಪನಿಗೆ ಫೋನ್ ಮಾಡಿ ಹೇಳೋಣವೆಂದರೆ ಸಿಗ್ನಲ್ ಸಿಗಲಿಲ್ಲ.

೧೪ ಡಿಸೆಂಬರ್, ಭಾನುವಾರ

ಅವಳ ಪುಸ್ತಕ ತೆರೆದೆ. ತಪ್ಪು ಲೆಕ್ಕವನ್ನು ಯಾರಿಗೂ ತಿಳಿಯದಂತೆ ಸರಿಮಾಡಿ ನಕಲು ಮಾಡುವುದೆಂದು ನಿಶ್ಚಯಿಸಿದ್ದೆ. ಆಗ ಯಾರಿಗೂ ನಷ್ಟವಿಲ್ಲ, ನನ್ನ ಹೆಸರು ನನಗೆ.

ಎರಡನೆಯ ಪುಟದ ತಲೆಯಲ್ಲಿಯೇ ಬರೆದಿದೆ: “ಡಿ. ೫. ಸತ್ಯಮ್ಮತ್ತೆ ಕೈ ಎತ್ತಿದರೆ ಆರು ಅಡಿ ಒಂದು ಇಂಚು. ಉಮಾ ಅಕ್ಕನ ಪಟ್ಟಿ ಅಂಜಯ್ಯ ಮಾವನ ಎತ್ತರದ್ದು. ಇಲ್ಲಿ ನಡೆಯೋದಿಲ್ಲ.” ಕೆಳಗೆ ಹೊಸ ಪಟ್ಟಿ. ಹೊಡೆದು ತಿದ್ದಿದ ಗೀಟುಗಳೆಲ್ಲ ಅದಕ್ಕೇ. ನನಗೆ ಹೊಳೆದ ದಿನವೇ ಅವಳಿಗೂ ಹೊಳೆದಿತ್ತು. ಅವಳು ಟೇಪು ಹುಡುಕಲು ಹೋಗಿದ್ದಳು.

ಆಮೇಲೆ ನನ್ನ ಪುಸ್ತಕ ತೆರೆದೆ. ನನ್ನ ಪ್ರತಿಯೊಂದು ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ಅಂಕಿ. ನನ್ನದಕ್ಕಿಂತ ಕಡಿಮೆ. ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು ತೆಳು. ಮೊದಲ ದಿನದಿಂದ ಕೊನೆಯ ದಿನದವರೆಗೆ, ಒಂದನ್ನೂ ಬಿಟ್ಟಿಲ್ಲ.

ಅವಳು ಹಿಂದೆ ಪಾತ್ರೆ ತಿಕ್ಕುತ್ತಿದ್ದಳು. ಪುಸ್ತಕ ಹಿಡಿದು ಹೋದೆ.

“ಇದು ನೀನಾ?”

“ಹೂಂ ಅಕ್ಕಾ. ತಪ್ಪು ತಿಳ್ಕೋಬ್ಯಾಡ್ರಿ. ನೀವು ಒಳಗ ಕುಂದರ್ತಿದ್ರಿ, ನಿಮಗ ಕಂಡಿಲ್ಲ. ಮದ್ಲಿಂದ ಗಳ ಹಿಡಿದಾಕಿ ಸತ್ಯಮ್ಮತ್ತೇನೇ. ಮಾವ ಹಿಂದ ಚುಕ್ಕಾಣಿ ಹಿಡಕೊಂಡು ಬರೀ ಕೂಗಿದ್ದು.”

ಹತ್ತು ದಿನ ನಾನು ಬರೆದದ್ದೆಲ್ಲ ತಪ್ಪು. ಒಮ್ಮೆ ಪರದೆ ಸರಿಸಿ ನೋಡಿದ್ದರೆ ಸಾಕಿತ್ತು.

“ಮೇಡಂಗೆ ಯಾಕ ಹೇಳಲಿಲ್ಲ?”

“ಹೇಳಿದ್ರ ನಿಮಗ ಬೈತಿದ್ರು. ನೀರು ಸರಿ ಇದ್ರ ಸಾಕಲ್ರಿ? ನೀವು ನಕಲು ಮಾಡುವಾಗ ಪೆನ್ಸಿಲಿಂದು ಬರೀರಿ, ಆಮ್ಯಾಲೆ ಅಳಿಸಿಬಿಡ್ರಿ. ಯಾರಿಗೂ ಗೊತ್ತಾಗಂಗಿಲ್ಲ.” ಬೂದಿಯ ಕೈಯಿಂದಲೇ ಮುಂಗುರುಳು ಸರಿಸಿಕೊಂಡಳು.

ಅವಳ ಮೇಲೆ ಇಷ್ಟು ಹೊಟ್ಟೆಕಿಚ್ಚು ನನಗೆ ಎಂದೂ ಆಗಿರಲಿಲ್ಲ. ಶೇಂಗಾ ಅವಳದು, ಸೊಸಿ ರೇವು ಅವಳದು, ಈಗ ಇದೂ ಅವಳದು.

೧೬ ಡಿಸೆಂಬರ್, ಮಂಗಳವಾರ

ಎರಡು ದಿನ ನಕಲು ಮಾಡಿದೆ. ಪೆನ್ಸಿಲಿನ ಅಂಕಿಯನ್ನು ಶಾಯಿಯಲ್ಲಿ ಬರೆಯುವುದು, ಪೆನ್ಸಿಲ್ ಅಳಿಸುವುದು. ಇಂದು ಇನ್ನು ಮುಂದುವರಿಸಲು ಆಗಲಿಲ್ಲ. ಹೀಗೆ ಹೈದರಾಬಾದಿಗೆ ಹೋದರೆ ಆ ಕುರ್ಚಿಯಲ್ಲಿ ಕೂತಷ್ಟು ಕಾಲವೂ ಅವಳೇ ಗೆದ್ದ ಹಾಗೆ. ಅದನ್ನು ನಾನು ಸಹಿಸಲಾರೆ. ಅದಕ್ಕೇ ನಿಜ ಹೇಳಿದ್ದು. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಮೊದಲು ಅವಳಿಗೆ ಹೇಳಿದೆ. ಹಲಗೆಯ ಮೇಲೆ ಒಬ್ಬಳೇ ಬಟ್ಟೆ ಒಣಹಾಕುತ್ತಿದ್ದಳು.

“ಸತ್ಯಮ್ಮನ ಆಳು ಬೇರೆ ಅಂತ ಐದನೇ ತಾರೀಕೇ ನನಗೆ ಗೊತ್ತಿತ್ತು. ನೀನು ನನ್ನ ಪಟ್ಟಿ ನೋಡಿ ತಪ್ಪು ಬರೀತಿದ್ದಿ ಅಂದ್ಕೊಂಡಿದ್ದೆ. ತಪ್ಪಾಗಲಿ ಅಂತ ಸುಮ್ಮನಿದ್ದೆ.”

ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನನ್ನ ಮುಖ ನೋಡಿದಳು.

“ಇಷ್ಟು ದಿನಾನಾ?”

“ಹೂಂ.”

“ಒಂದು ಚಾದರದಾಗ ಮಲಗಿದ್ವಿ.”

ಅಷ್ಟೇ ಅಂದಳು. ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ, ತನ್ನ ಚಾಪೆ ಸುತ್ತಿಕೊಂಡು ಸತ್ಯಮ್ಮನ ಕಡೆಗೆ ನಡೆದಳು.

ಮೇಡಂ ಅವರಿಗೆ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ತಪ್ಪು ಬರದದ್ದಕ್ಕ ನಾ ಏನೂ ಅನ್ನಂಗಿಲ್ಲ. ಗಳ ಯಾರ ಕೈಯಾಗ ಅದ ಅಂತ ನಾನೂ ನೋಡ್ಲಿಲ್ಲ. ಆದ್ರ ಗೊತ್ತಾದ ಮ್ಯಾಲೂ ಬಾಯಿ ಮುಚ್ಚಿಕೊಂಡು ಕೂತಿ. ಆ ಕರಿಬಸಯ್ಯ ನಲವತ್ತು ಮಂದಿ ಅಂದಾಗ ನೀ ಇಲ್ಲೇ ಇದ್ದಿ.”

“ಇದ್ದೆ.”

“ಹೆಸರು ಬದಲಾಗ್ತದ.”

“ಹೂಂ ಮೇಡಂ.”

“ಮತ್ತ ಆ ಪೆನ್ಸಿಲಾಕೀಗೂ ಬೈಯೋದದ, ಕರೀ. ಮುಚ್ಚಿಟ್ಟಿದ್ದು ಆಕಿನೂ ಹೌದು. ಶಾಯಿನೂ ಬ್ಯಾಡ, ಪೆನ್ಸಿಲೂ ಬ್ಯಾಡ. ನಾಳೆ ದೋಣಿ ಹಿಂದಕ್ಕ ತಿರಗಲಿ. ನಿನ್ನ ಹತ್ತು ದಿನದ ರೇವು ಅಷ್ಟೂ ಇಬ್ರೂ ಕೂಡಿ ತಿರಗಿ ಅಳೀರಿ.”

೧೭ ಡಿಸೆಂಬರ್

ಕುರ್ಚಿ ಹೋಯಿತು. ಇನ್ನು ಯಾವ ಅರ್ಜಿಯೂ ಉಳಿದಿಲ್ಲ.

ಅವಳು ಮಾತಾಡುತ್ತಿಲ್ಲ. ಮೂರು ಮೊಳ ಜಾಗ ಪೂರ್ತಿ ನನ್ನದೇ. ನಿದ್ದೆ ಬರುವುದಿಲ್ಲ.

೧೯ ಡಿಸೆಂಬರ್, ಶುಕ್ರವಾರ

ಕೈಯೆಲ್ಲ ಬೊಬ್ಬೆ. ಆದರೂ ಇಂದಿನದು ಬರೆಯಬೇಕು.

ನಿನ್ನೆ ಬೆಳಿಗ್ಗೆ ಸತ್ಯಮ್ಮ ಗಳವನ್ನು ನನ್ನ ಕೈಗೆ ತುರುಕಿದಳು. “ಕುಂತು ಬರದು ಕೆಡಿಸಿದಿ. ಈಗ ನಿಂತು ಹಿಡಿ ಬಿಡ್ಡಾ. ನನಗೂ ಎರಡು ದಿನ ಸೊಂಟಕ್ಕ ಆರಾಮ.” ಭಾಗ್ಯ ಟೇಪು ತಂದಳು. ನಾನು ಕೈ ಮೇಲೆತ್ತಿದೆ. ಅಳೆದು ಬರೆದುಕೊಂಡಳು: ಆರು ಅಡಿ ಏಳು ಇಂಚು.

ಗಳ ಹಿಡಿಯುವುದು ಅಂದುಕೊಂಡಷ್ಟು ಸುಲಭವಲ್ಲ. ನೇರ ಇಳಿಸಬೇಕು, ತಳ ತಾಗಿದ್ದು ಅಂಗೈಗೆ ಗೊತ್ತಾಗಬೇಕು, ದೋಣಿ ಸರಿಯುವ ಮೊದಲೇ ಎತ್ತಬೇಕು. ಮರಳಾದರೆ ಕರಕರ ಎನ್ನುತ್ತದೆ, ಬಂಡೆಯಾದರೆ ಮೊಣಕೈವರೆಗೆ ಬಡಿಯುತ್ತದೆ, ಕೆಸರಾದರೆ ಸದ್ದೇ ಇಲ್ಲ. ನನ್ನ ಧ್ವನಿ ಹಿಂದಿನವರೆಗೆ ಹೋಗಲಿಲ್ಲ. “ಏನು, ಇರುವಿಗಿ ಹೇಳ್ತೀಯೇನು?” ಎಂದು ಅಂಜಯ್ಯ ರೇಗಿಸಿದ. ಮಧ್ಯಾಹ್ನದ ಹೊತ್ತಿಗೆ ನಾನು ಕೂಗಿದ್ದಕ್ಕೆ ದಂಡೆಯ ಎಮ್ಮೆ ತಿರುಗಿ ನೋಡಿತು.

ಇಂದು ಸೊಸಿ ರೇವು. ದಂಡೆಯಲ್ಲಿ ಹತ್ತು ಹನ್ನೆರಡು ಜನ. ಕೆಸರಿನಲ್ಲಿ ಗಳ ಸಿಕ್ಕಿಕೊಂಡಿತು. ನಾನು ಬಿಡಲಿಲ್ಲ. ದೋಣಿ ಮುಂದಕ್ಕೆ ಹೋಯಿತು, ಗಳ ಅಲ್ಲೇ ನಿಂತಿತು, ಗಳಕ್ಕೆ ಅಂಟಿಕೊಂಡು ನಾನೂ ಅಲ್ಲೇ ಉಳಿದೆ. ಒಂದು ಗಳಿಗೆ ಕಂಬದ ಮೇಲಿನ ಕಾಗೆಯ ಹಾಗೆ ತೂಗಾಡಿ ಮೆಲ್ಲಗೆ ನೀರಿಗೆ ಇಳಿದೆ.

ದಂಡೆಯ ಜನ ಹೋ ಎಂದರು. ದೋಣಿಯಿಂದ ಭಾಗ್ಯ ಬಗ್ಗಿ ನೋಡಿದಳು. ಮುಖ ಬಿಗಿಹಿಡಿದಿದ್ದಳು, ಆದರೆ ಗಲ್ಲ ನಡುಗುತ್ತಿತ್ತು.

“ಎಷ್ಟಂತ ಬರೀಲಿ?”

“ಕುತ್ತಿಗಿಮಟ!” ಎಂದೆ.

ಪುಸ್ತಕ ಎದೆಗವಚಿಕೊಂಡು ಹಲಗೆಯ ಮೇಲೆ ಕೂತು ನಗತೊಡಗಿದಳು. ಕೆಮ್ಮು ಬರುವವರೆಗೂ ನಕ್ಕಳು. ನನಗೂ ನಗು ಬಂತು, ಅರ್ಧ ನದಿ ಬಾಯೊಳಗೆ ಹೋಯಿತು.

ದಂಡೆಯ ಒಬ್ಬ ಅಜ್ಜಿ ತನ್ನ ಒಣ ಸೀರೆ ಕೊಟ್ಟಳು. ಉಟ್ಟುಕೊಂಡು ಅವಳ ಪಕ್ಕ ಕೂತು, ಎದುರಿನ ದಂಡೆಯಲ್ಲಿ ಅವಳ ತವರು ಯಾವ ಕಡೆ ಎಂದು ಕೇಳಿದೆ. ಈಗ ಹೊಗೆ ಕಾಣುವುದಿಲ್ಲವಂತೆ, ನೀರು ಅಗಲವಾಗಿದೆ. “ಎಲ್ಲರ ಮನ್ಯಾಗೂ ಗ್ಯಾಸ್ ಬಂದೈತಿ, ಬಿಡು” ಎಂದಳು. ಭಾಗ್ಯನನ್ನೂ ಕೂಗಿ ಕರೆದೆ. ನಾವಿಬ್ಬರೂ ಕೂತು ಬರೆದುಕೊಂಡದ್ದರಲ್ಲಿ ಆರು ಪುಟ ಅವಳ ಪುಸ್ತಕದಲ್ಲಿದೆ, ಮೂರು ನನ್ನದರಲ್ಲಿ. ಜೋಡಿಸಬೇಕು.

೨೨ ಡಿಸೆಂಬರ್, ಸೋಮವಾರ

ಇಂದಿಗೆ ಅಳತೆ ಮುಗಿಯಿತು. ನಾಳೆ ದೋಣಿಯಿಂದ ಇಳಿಯುತ್ತೇವೆ. ಕರಿಬಸಯ್ಯನವರಿಗೆ ಮೇಡಂ ಫೋನ್ ಮಾಡಿ, ಪುಸ್ತಕ ಅಚ್ಚಾಗುವವರೆಗೆ ಕಾಯಬೇಕಿಲ್ಲ ಎಂದು ಅವರ ರೇವಿನ ಅಳತೆ ಹೇಳಿದರು. ಮೂರು ಕಡೆ ಬಂಡೆ ಇದೆ, ಅದನ್ನೂ ಹೇಳಿ ಎಂದು ನಾನು ನೆನಪಿಸಿದೆ.

ಆಮೇಲೆ ಹೈದರಾಬಾದಿನ ಅರ್ಜಿಯ ಹಾಳೆ ತೆಗೆದರು. “ನನ್ನ ಅಕ್ಷರ ನನಗ ತಿಳಿಯಂಗಿಲ್ಲ. ಉಮಾ, ನೀನೇ ತುಂಬು. ಆಕಿ ಹೆಸರು ಹಾಕು, ನಾ ಸಹಿ ಮಾಡ್ತೀನಿ.”

ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಬಗ್ಗಿ ಬರೆದೆ. ಭಾಗ್ಯ ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು, ನನ್ನವೂ ಸೇರಿ. ಹೆಸರು: ಭಾಗ್ಯಜ್ಯೋತಿ. ಊರು: ಇಟಿಕ್ಯಾಲ. ಓದು: ಬಿ.ಕಾಂ. ಅದರ ಕೆಳಗೆ ತಂದೆಯ ಹೆಸರು. ಪೆನ್ನು ನಿಂತಿತು. ಅವಳು ಯಾವ ಮಗ್ಗುಲಿಗೆ ಮಲಗುತ್ತಾಳೆ, ಯಾವ ಮಾತಿಗೆ ಮೊದಲು ಕಣ್ಣು ನಗುತ್ತದೆ, ಎಷ್ಟು ಬಾರಿ ಮೇಡಂ ಅವಳನ್ನು ಹೊಗಳಿದರು ಎಲ್ಲ ನನಗೆ ಗೊತ್ತಿತ್ತು.

“ನಿಮ್ಮಪ್ಪನ ಹೆಸರೇನು?”

“ಎಲ್ಲಪ್ಪ. ಬಸ್‌ಸ್ಟ್ಯಾಂಡಿನ ಮುಂದ ಸೈಕಲ್ ರಿಪೇರಿ ಮಾಡ್ತಾನ.” ನನ್ನ ಕುಪ್ಪಸದ ಮಡಿಕೆ ನೇವರಿಸುತ್ತ ಹೇಳಿದಳು, “ನಿಮ್ಮಪ್ಪಾರು ಶರಣಯ್ಯನೋರು. ಸೀರಿ ಅಂಗಡ್ಯಾಗ ಕೆಲಸ. ಬಲಗಿವಿ ಕೇಳಂಗಿಲ್ಲ, ಎಡಕ್ಕ ಕುಂತು ಮಾತಾಡಬೇಕು.”

“ನಿನಗ್ಯಾರು ಹೇಳಿದ್ರು?”

“ನೀವೇ ಹೇಳೀರಲ್ಲ ಅಕ್ಕಾ. ದೋಣಿ ಹತ್ತಿದ ದಿನ ಕೇಳಿದ್ದೆ.”

ನನಗೆ ನೆನಪಿಲ್ಲ. ‘ಎಲ್ಲಪ್ಪ’ ಎಂದು ಬರೆದೆ. ಶಾಯಿ ಆರುವವರೆಗೆ ಗಾಳಿಗೆ ಹಾರದಂತೆ ಅವಳು ಹಾಳೆಯ ಒಂದು ಅಂಚು ಹಿಡಿದುಕೊಂಡಳು, ನಾನು ಇನ್ನೊಂದು.